ಏಳನೇ ಸಾಲಿನ ಸಸಿಮಡಿಯವಳು

"ಪುಸ್ತಕ ಕೆಳಗಿಡಿ!"

ಆ ಗದರಿಕೆಗೆ ಅವಳು ಬೆಚ್ಚಿದಳು. ಎಂಜಲು ಹಚ್ಚಿದ ತೋರುಬೆರಳು ಗಾಳಿಯಲ್ಲೇ ನಿಂತಿತು.

ಭೂದಾಖಲೆ ಕಚೇರಿಯ ಹಿಂಬದಿಯ ಕೋಣೆ ಅದು. ನೆಲದಿಂದ ಚಾವಣಿಯವರೆಗೆ ಕಬ್ಬಿಣದ ಕಪಾಟುಗಳು, ಬಟ್ಟೆಯಲ್ಲಿ ಸುತ್ತಿದ ಕಡತಗಳು. ಅವುಗಳ ನಡುವಿನಿಂದ ಕಡತ ಕಾಯುವ ತರುಣ, ದಫ್ತರದವನು, ಧಾವಿಸಿ ಬಂದು, ಅವಳ ಮುಂದಿದ್ದ ದಪ್ಪ ಪುಸ್ತಕವನ್ನು ತನ್ನತ್ತ ಎಳೆದುಕೊಂಡ.

"ನೂರಿಪ್ಪತ್ತು ವರ್ಷದ ಕಾಗದ ಇದು. ಎಂಜಲು ಹಚ್ಚಿ ತಿರುವಿದ್ರೆ ಇನ್ನು ನಾಲ್ಕು ವರ್ಷಾನೂ ಉಳಿಯಲ್ಲ!"

"ದಾರ ಪೋಣಿಸೋ ಕೈ ಸ್ವಾಮಿ, ಅಭ್ಯಾಸಬಲ. ಅದಕ್ಕೆ ಹೀಗೆ ಕೂಗಬೇಕಾ? ನಾನೇನು ಪುಸ್ತಕ ತಿಂದುಬಿಡ್ತೀನಾ?"

"ಗೆದ್ದಲೂ ಹಾಗೇ ಹೇಳುತ್ತೆ."

ಅವಳಿಗೆ ಕೋಪ ನೆತ್ತಿಗೇರಿತು. ಜೊತೆಗೆ, ಬೇಡವೆಂದರೂ ನಗು ಬಂತು!

ಆದರೆ ನಗುವ ಕಾಲವಾಗಿರಲಿಲ್ಲ. ತಂದೆತಾಯಿಯನ್ನು ಕಳೆದುಕೊಂಡ ಅವಳಿಗೆ ಇದ್ದದ್ದು ಅಜ್ಜಿ, ಒಂದು ಹೊಲಿಗೆ ಯಂತ್ರ, ಹೊಳೆದಂಡೆಯ ಎರಡು ಕೋಣೆಯ ಮನೆ. ಆ ಜಾಗ ತಮ್ಮದೆಂದೂ ಎರಡು ತಿಂಗಳಲ್ಲಿ ಖಾಲಿ ಮಾಡಬೇಕೆಂದೂ ಪಕ್ಕದ ತೋಟದ ಕಂಪನಿ ನೋಟಿಸು ಕಳಿಸಿತ್ತು. ಅದಕ್ಕೆ ಅವಳು ಇದೇ ಕಚೇರಿಯಲ್ಲಿ ತಕರಾರು ಸಲ್ಲಿಸಿದ್ದಳು; ವಿಚಾರಣೆಗೆ ಇನ್ನು ಒಂದೇ ತಿಂಗಳು.

ಅಜ್ಜಿಯ ಬಳಿ ಕಾಗದವಿರಲಿಲ್ಲ, ಕಥೆಯಿತ್ತು. ಆಗ ತೋಟದ ಒಡೆಯನಾಗಿದ್ದ ಬಿಳಿ ದೊರೆ ಹೊಳೆಯಲ್ಲಿ ಮುಳುಗುತ್ತಿದ್ದಾಗ ಅಜ್ಜಿಯ ತಾತ ಅವನನ್ನು ಎತ್ತಿ ಬದುಕಿಸಿದನಂತೆ. ಆ ಉಪಕಾರಕ್ಕೆ ದೊರೆ ಈ ಜಾಗ ಕೊಟ್ಟನಂತೆ. ತಾತನನ್ನು ಎಲ್ಲರೂ ಗಿಡ್ಡ ಎನ್ನುತ್ತಿದ್ದರಂತೆ.

"ಅಂತೆ ಅಂತೆಗಳಿಗೆ ಮುದ್ರೆ ಬೀಳಲ್ಲ," ಎಂದ ದಫ್ತರದವನು. ಆದರೂ ತೋಟದವರು ಹಿಂದೆ ಕಚೇರಿಗೆ ಒಪ್ಪಿಸಿದ್ದ, ಕೂಲಿಯವರಿಗೆ ಕೊಟ್ಟ ಇನಾಮುಗಳನ್ನೂ ದೊರೆ ಬರೆದಿಡುತ್ತಿದ್ದ ಹಾಜರಿ ಪುಸ್ತಕಗಳನ್ನೆಲ್ಲ ಇಳಿಸಿ ಕೊಟ್ಟ. ಪುಟ ತಿರುವಲು ತೆಳ್ಳನೆಯ ಮರದ ಪಟ್ಟಿಯೊಂದನ್ನೂ ಕೊಟ್ಟ.

ದಿನಗಳು ಉರುಳಿದವು. ಬೆಳಿಗ್ಗೆ ಅವಳು ಹೊಲಿಯುವಳು, ಮಧ್ಯಾಹ್ನ ಹುಡುಕುವಳು. ಅವನು ಎದುರಿಗೆ ಕುಳಿತು ಹರಿದ ನಕಾಶೆಗಳಿಗೆ ಬಟ್ಟೆ ಅಂಟಿಸುವನು. ಒಮ್ಮೆ ಅವನು ವಕ್ರವಾಗಿ ಕತ್ತರಿಸಿದ್ದನ್ನು ನೋಡಲಾರದೆ ಅವಳು ಕತ್ತರಿ ಕಸಿದುಕೊಂಡು ಒಂದೇ ಎಳೆತಕ್ಕೆ ನೇರ ಮಾಡಿ ಕೊಟ್ಟಳು.

"ಅಬ್ಬಾ! ಸರ್ಕಾರ ನಿಮ್ಮನ್ನೇ ಇಟ್ಕೋಬೇಕಿತ್ತು."

"ಗೆದ್ದಲನ್ನ ಯಾರು ಕೆಲಸಕ್ಕೆ ಇಟ್ಕೋತಾರೆ?"

ಅವನು ಬಾಯಿ ತುಂಬ ನಕ್ಕ. 'ಇಷ್ಟು ಚೆಂದ ನಗುವವನು ಅವತ್ತು ಯಾಕೆ ಹಾಗೆ ಗದರಿದ...' ಎಂದುಕೊಂಡವಳು ತಕ್ಷಣ ಪುಟಕ್ಕೆ ಮುಖ ಹುದುಗಿಸಿದಳು.

ಒಂಬತ್ತನೆಯ ದಿನ ಅವಳು ಕಿರುಚಿಯೇ ಬಿಟ್ಟಳು. "ಸಿಕ್ಕಿದ! ನಮ್ಮ ತಾತ ಸಿಕ್ಕಿದ!"

ಕೂಲಿಯವರ ಸಾಲುಮನೆಗಳ ಪಟ್ಟಿಯಲ್ಲಿ ಒಂದು ಗೆರೆ: 'ಗಿಡ್ಡ. ನೀರು ಹೊರುವವನು. ಏಳನೇ ಸಾಲು, ಮೂರನೇ ಮನೆ.'

ಆದರೆ ಜಾಗದ ಮಾತಿಲ್ಲ! ಮುಂದಿನ ಪುಸ್ತಕದಲ್ಲೂ ಇಲ್ಲ, ಅದರ ಮುಂದಿನದರಲ್ಲೂ ಇಲ್ಲ. ಅವಳ ಕಣ್ಣು ತುಂಬಿತು.

"ಅಜ್ಜಿಗೆ ಏನು ಹೇಳಲಿ? ಈ ವಯಸ್ಸಲ್ಲಿ ಅವಳನ್ನ ಎಲ್ಲಿಗೆ ಕರ್ಕೊಂಡು ಹೋಗಲಿ?"

ಅವನು ಹಳೆಯ ನಕಾಶೆಯಲ್ಲಿ ಹೊಳೆದಂಡೆಯ ಜಾಗವನ್ನೇ ದಿಟ್ಟಿಸುತ್ತಿದ್ದ. ಅಲ್ಲಿ ಯಾರೋ ಒಂದು ಪುಟ್ಟ ಸಸಿಯ ಚಿತ್ರ ಬರೆದಿದ್ದರು.

ಮರುದಿನ ಅವನು ಕಚೇರಿಯಲ್ಲಿರಲಿಲ್ಲ.

ಹೊಲಿದ ಬಟ್ಟೆ ಕೊಟ್ಟು ಬರಲು ತೋಟದ ರಸ್ತೆಯಲ್ಲಿ ಹೊರಟವಳು ಕಂಡದ್ದೇನು? ತೋಟದ ಬಂಗಲೆಯ ಮೆಟ್ಟಿಲ ಮೇಲೆ ದಫ್ತರದವನು! ಪಕ್ಕದಲ್ಲಿ ತಮಗೆ ನೋಟಿಸು ಕಳಿಸಿದ ಮ್ಯಾನೇಜರ್! ಇಬ್ಬರೂ ನಗುತ್ತಿದ್ದರು. ಮ್ಯಾನೇಜರ್ ಅವನ ಬೆನ್ನು ತಟ್ಟಿ ಒಂದು ಗಂಟನ್ನು ಕೈಗಿತ್ತ.

ಕೊಡಬೇಕಿದ್ದ ಬಟ್ಟೆಯನ್ನು ಕಂಕುಳಲ್ಲಿ ಅವುಚಿಕೊಂಡು ಅವಳು ಬಂದ ದಾರಿಯಲ್ಲೇ ತಿರುಗಿದಳು.

ಸಂಜೆ ಕಚೇರಿಯ ಬಾಗಿಲಲ್ಲೇ ಅವನನ್ನು ತಡೆದಳು. "ಬಂಗಲೆಯಲ್ಲಿ ನಿಮಗೇನು ಕೆಲಸ?"

ಅವನ ಮುಖ ಬಿಳಿಚಿತು. "ವಿಚಾರಣೆ ಮುಗಿಯೋವರೆಗೆ ನಾನು ಏನೂ ಹೇಳೋ ಹಾಗಿಲ್ಲ."

"ಹೇಳೋಕೆ ಬಾಯಿ ಎಲ್ಲಿದೆ? ಬೇಲಿಯೇ ಹೊಲ ಮೇಯ್ದರೆ ಯಾರಿಗೆ ಹೇಳೋದು! ನಾನು ನಿಮ್ಮನ್ನ..." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಂಬಿದ್ದೆ."

"ಇನ್ನೂ ನಂಬಿ," ಎಂದ ಅವನು, ಮೆಲ್ಲಗೆ.

ಅವಳು ತಿರುಗಿ ನೋಡದೆ ನಡೆದಳು.

ಆಮೇಲೆ ಅವಳು ಆ ಕೋಣೆಗೆ ಹೋಗಲಿಲ್ಲ. ಹೊಲಿಗೆ ತಪ್ಪುತ್ತಿತ್ತು, ಬಿಚ್ಚುವಳು, ಮತ್ತೆ ತಪ್ಪುವುದು. ಮಂಚದ ಮೇಲಿಂದ ಅಜ್ಜಿ ಎಲ್ಲವನ್ನೂ ನೋಡುತ್ತಿದ್ದಳು.

"ಪುಟ್ಟಿ, ಆ ಅಂಗಿಗೆ ಮೂರನೇ ತೋಳು ಹಚ್ತಿದ್ದೀಯಲ್ಲೇ! ಏನಾಯ್ತು?"

"ಏನಿಲ್ಲಜ್ಜಿ."

"ನಿನ್ನ ಅಮ್ಮನ್ನ ಕಳ್ಕೊಂಡ ದಿನಾನೂ ನೀನು ಹೀಗೇ 'ಏನಿಲ್ಲ' ಅಂದಿದ್ದೆ." ಅಜ್ಜಿ ಅವಳ ತಲೆ ಸವರಿದಳು. "ದೇವರು ತಡ ಮಾಡ್ತಾನೆ ಮಗಾ, ಮರೆಯೋದಿಲ್ಲ."

ವಿಚಾರಣೆಯ ದಿನ ಬಂತು. ಉದ್ದನೆಯ ಮೇಜಿನ ಆಚೆ ಅಧಿಕಾರಿಣಿ; ಒಂದು ಕಡೆ ಮ್ಯಾನೇಜರ್ ಮತ್ತು ವಕೀಲ, ಇನ್ನೊಂದು ಕಡೆ ಅಜ್ಜಿ ಮೊಮ್ಮಗಳು.

ವಕೀಲ ಗಂಟಲು ಸರಿಮಾಡಿಕೊಂಡ. "ಮೇಡಂ, ಗಿಡ್ಡ ಅನ್ನೋ ಕೂಲಿಗೆ ಜಾಗ ಕೊಟ್ಟ ಬಗ್ಗೆ ಒಂದಕ್ಷರವೂ ಇಲ್ಲ."

"ನಿಮ್ಮ ಹತ್ತಿರ ಏನಾದರೂ ಇದೆಯಾ ಅಮ್ಮಾ?" ಅಧಿಕಾರಿಣಿ ಮೊಮ್ಮಗಳತ್ತ ತಿರುಗಿದರು.

ಅವಳು ತಲೆ ತಗ್ಗಿಸಿದಳು. 'ಮುಗಿಯಿತು...'

"ಮೇಡಂ, ಹೊಸದಾಗಿ ಸಿಕ್ಕ ದಾಖಲೆ ಒಂದಿದೆ." ಬಾಗಿಲ ಬಳಿಯಿಂದ ದಫ್ತರದವನು ಮುಂದೆ ಬಂದ. ಕೈಯಲ್ಲಿ ಅದೇ ಗಂಟು! "ತೋಟದವರು ನಮಗೆ ಒಪ್ಪಿಸಿದ್ದು ಗಂಡಸರ ಹಾಜರಿ ಪುಸ್ತಕ ಮಾತ್ರ. ಹೆಂಗಸರದ್ದು ಬಂಗಲೆಯ ಅಟ್ಟದಲ್ಲೇ ಉಳಿದಿತ್ತು. ನಕಾಶೆಯಲ್ಲಿ ಆ ಜಾಗಕ್ಕೆ ಸಸಿಯ ಗುರುತು ಇದೆ. ಸಸಿಮಡಿಯ ಕೆಲಸ ಪೂರಾ ಹೆಂಗಸರದ್ದು. ಅದಕ್ಕೇ ಕೇಳಿ ತಂದೆ."

ಅವನು ಓದತೊಡಗಿದ.

'ಈ ವರ್ಷದ ರೋಗಕ್ಕೆ ತೋಟದ ಗಿಡಗಳೆಲ್ಲ ಸತ್ತವು. ಏಳನೇ ಸಾಲು, ಮೂರನೇ ಮನೆಯ ಸಸಿಮಡಿಯವಳು, ನೀರು ಹೊರುವ ಗಿಡ್ಡನ ಹೆಂಡತಿ, ಯಾರೂ ಹೇಳದೆ ಹೊಳೆದಂಡೆಯಲ್ಲಿ ಬೇರೆ ಮಡಿ ಮಾಡಿ ನಾನೂರು ಸಸಿ ಉಳಿಸಿದ್ದಾಳೆ. ತೋಟ ಅವುಗಳಿಂದಲೇ ಮತ್ತೆ ಏಳಬೇಕು. ಹೊಳೆದಂಡೆಯ ಆ ಜಾಗ ಇನ್ನು ಅವಳಿಗೂ ಅವಳ ಸಂತತಿಗೂ ಸೇರಿದ್ದು.' ಕೆಳಗೆ ದೊರೆಯ ರುಜು, ಮುದ್ರೆ.

ಅಧಿಕಾರಿಣಿ ಪುಸ್ತಕ ತರಿಸಿಕೊಂಡು ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಸುಳ್ಳು ದಾಖಲೆ!" ಎಂದ ವಕೀಲ.

"ಪುಸ್ತಕ ಕೊಟ್ಟದ್ದು ಮ್ಯಾನೇಜರೇ, ಸ್ವಾಮಿ. ತೋಟದ ಅಸಲಿ ಪುಸ್ತಕ ಅಂತ ಬರೆದು ರುಜು ಹಾಕಿದ್ದಾರೆ. ಹೆಂಗಸರ ಹಾಜರಿಯಲ್ಲಿ ಗೆದ್ದಲು ಬಿಟ್ರೆ ಏನಿದೆ, ತಗೊಂಡು ಹೋಗಿ ಅಂತ ನಕ್ಕರು. ನಾನೂ ಜೊತೆಗೆ ನಕ್ಕೆ."

ಮ್ಯಾನೇಜರ್ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ.

"ಏನಂತೆ ಪುಟ್ಟಿ?" ಅಜ್ಜಿ ಕಿವಿಗೆ ಕೈಯಾನಿಸಿದಳು.

"ಅಜ್ಜಿ, ಜಾಗ ಕೊಟ್ಟಿದ್ದು ತಾತನಿಗಲ್ಲ... ನಿನ್ನ ಅಜ್ಜಿಗೆ! ಈ ತೋಟವನ್ನೇ ಉಳಿಸಿದ್ದು ಅವಳು!"

"ಅಯ್ಯೋ ಶಿವನೇ! ಹಾಗಾದ್ರೆ ನಮ್ಮ ತಾತ ಸಾಯೋವರೆಗೂ ಮೀಸೆ ತಿರುವಿದ್ದು ಯಾತಕ್ಕೆ?"

ಇಡೀ ಕೋಣೆ ನಕ್ಕಿತು. ಅಧಿಕಾರಿಣಿಯೂ ಕಡತವನ್ನು ಮುಖಕ್ಕೆ ಅಡ್ಡ ಹಿಡಿದರು. ಆಮೇಲೆ ಗಂಭೀರವಾಗಿ ಬರೆಸಿದರು: ತೋಟದ ನೋಟಿಸು ರದ್ದು. ವಂಶವೃಕ್ಷ ಸಲ್ಲಿಸಿದ ಕೂಡಲೇ ಜಾಗ ವಾರಸುದಾರರ ಹೆಸರಿಗೆ.

ಅಜ್ಜಿ ಆ ಪುಸ್ತಕಕ್ಕೆ ಕೈಮುಗಿದಳು. ನಾಲ್ಕು ತಲೆಮಾರು ಹೆಸರೆತ್ತದೆ ಮರೆತಿದ್ದ ಹೆಂಗಸು ಅಂದು ತನ್ನವರ ಮನೆ ಉಳಿಸಿದ್ದಳು.

ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ ಅವನು ಆಗಲೇ ವಂಶವೃಕ್ಷದ ಹಾಳೆ ಹರಡಿಕೊಂಡು ಕುಳಿತಿದ್ದ. ಅವಳು ಎದುರು ಬಂದು ನಿಂತಳು.

"ಮೊದಲೇ ಹೇಳಬಾರದಿತ್ತಾ?"

"ಇಬ್ಬರ ತಕರಾರಿನಲ್ಲಿ ಒಬ್ಬರಿಗೆ ಮೊದಲೇ ಹೇಳಿದ್ರೆ ದಾಖಲೆ ಬಿದ್ದುಹೋಗುತ್ತೆ. ನಿಮ್ಮ ಮನೆ ಹೋಗ್ತಿತ್ತು." ಅವನು ತಲೆಯೆತ್ತಿದ. "ನೀವು ನನ್ನ ಮೇಲೆ ಕೋಪ ಮಾಡ್ಕೊಂಡ್ರೂ ಪರವಾಗಿಲ್ಲ, ಮನೆ ಉಳೀಲಿ ಅಂದ್ಕೊಂಡೆ. ಆದರೆ ಪರವಾಗಿಲ್ಲ ಅನ್ನೋದು ಸುಳ್ಳು... ಆ ಖಾಲಿ ಕುರ್ಚಿ ನೋಡೋಕೆ ಆಗ್ತಿರಲಿಲ್ಲ."

"ಬೇಲಿ ಅಂತೆಲ್ಲ ಅಂದುಬಿಟ್ಟೆ. ತಪ್ಪಾಯ್ತು..." ಅವಳ ಕಣ್ಣೀರು ಧಾರೆಯಾಯಿತು.

"ಅಯ್ಯೋ, ಹಾಳೆ ಮೇಲೆ ಬೀಳುತ್ತೆ!"

ಅಳುತ್ತಲೇ ನಕ್ಕಳು. ಅವನು ಸರಿದು ಜಾಗ ಕೊಟ್ಟ. ಹಾಳೆಯ ಮೇಲ್ತುದಿಯಲ್ಲಿ ಸಸಿಮಡಿಯವಳು, ಕೆಳಗೆ ಅವಳ ಮಕ್ಕಳು, ಅಜ್ಜಿ, ಅಮ್ಮ, ಕೊನೆಗೆ ತಾನು. ತನ್ನ ಪಕ್ಕದಲ್ಲಿ ಒಂದು ಚೌಕ ಖಾಲಿ.

"ಇದು?" ಎಂದಳು.

"ಗಂಡ ಅನ್ನೋ ಕಡೆ." ಅವನು ಲೇಖನಿಯ ಮುಚ್ಚಳ ತೆರೆದ. "ಏನು ಬರೀಲಿ?"

"ಇಷ್ಟು ದಾಖಲೆ ಓದಿದೋರಿಗೆ ಅಷ್ಟೂ ಗೊತ್ತಾಗಲ್ವಾ?"

"ಗೊತ್ತು. ಆದರೆ ಒಪ್ಪಿಗೆ ಇಲ್ಲದೆ ನಾನು ಒಂದಕ್ಷರವೂ ಸೇರಿಸಲ್ಲ."

"ಒಪ್ಪಿಗೆ ಇದೆ..."

"ಇನ್ನೊಂದು ಸಲ ಹೇಳಿ."

"ಇದೆ ಅಂದ್ನಲ್ಲ! ಬರೀರಿ ಬೇಗ, ಅಜ್ಜಿ ಬರ್ತಿದ್ದಾಳೆ."