ಸವರಿದ ಮರಳು

2003ರ ಜೂನ್ 11, ಬುಧವಾರ, ಬೆಳಿಗ್ಗೆ 7.10. ರಬಾವುಲ್ ಠಾಣೆಯ ಮೇಜಿನ ಮೇಲೆ ಬಿದ್ದ ಜ್ವಾಲಾಮುಖಿಯ ಬೂದಿಯನ್ನು ಕಾನ್‌ಸ್ಟೇಬಲ್ ಪೆನಿಯಾಸ್ ಎರಡನೇ ಸಲ ಒರೆಸುತ್ತಿದ್ದಾಗ ಮಟುಪಿಟ್ ದ್ವೀಪದ ಇಯಾಲಿಲಿ ಬರಿಗಾಲಲ್ಲಿ ಒಳಗೆ ಬಂದಳು.

"ನನ್ನ ಮಗ ಎಲಿಯಾಸ್ ಮೊಟ್ಟೆ ಹೊಂಡದಲ್ಲಿ ಸತ್ತುಬಿದ್ದಿದಾನೆ. ಹೊಂಡ ಕುಸೀತು, ಇವತ್ತೇ ಮಣ್ಣು ಮಾಡೋಣ ಅಂತಾನೆ ನಮ್ಮಣ್ಣ ಟೊಪುಯಿ. ನಾನು ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ."

"ಯಾಕಮ್ಮ?" ಇನ್‌ಸ್ಪೆಕ್ಟರ್ ಟೊವಾರ್ಕಿ ಕೇಳಿದ.

"ಕಾಲು ಹಿಡಿಯೋರಿಲ್ದೆ ಅವನು ಇಳಿಯೋನೇ ಅಲ್ಲ. ದಡ್ಡನ ಹಾಗೆ ಸತ್ತ ಅಂತ ಊರೋರು ಆಡ್ಕೋಬಾರ್ದು ಸಾಹೇಬ್ರೆ. ಏನಾಯ್ತು ಅಂತ ನನಗೆ ಗೊತ್ತಾಗ್ಲೇಬೇಕು."

ಬೂದಿಯುಗುಳುವ ತವುರ್ವುರ್ ಬೆಟ್ಟದ ಬುಡದ ಬಿಸಿ ಮರಳಲ್ಲಿ ಕಾಡುಕೋಳಿ ಮೊಟ್ಟೆ ಹೂತು ಹೋಗುತ್ತದೆ. ಕಾವು ಕೊಡುವುದು ಬೆಟ್ಟದ ಕೆಲಸ. ಅದನ್ನು ತೆಗೆಯಲು ಆಳುದ್ದ ಹೊಂಡಕ್ಕೆ ತಲೆಕೆಳಗಾಗಿ ಇಳಿಯಬೇಕು, ಮೇಲೊಬ್ಬ ಕಾಲು ಹಿಡಿದಿರಬೇಕು. ಎಲಿಯಾಸನ ಕಾಲನ್ನು ಅವನ ಎಂಟನೇ ವಯಸ್ಸಿನಿಂದ ಹಿಡಿದವನು ಸೋದರಮಾವ ಟೊಪುಯಿಯೇ.

8.05ಕ್ಕೆ ಸ್ಥಳ ಪಂಚನಾಮೆ. ಮರಳಿನಿಂದ ಎರಡು ಹಿಮ್ಮಡಿಗಳು ಮಾತ್ರ ಹೊರಗಿದ್ದವು. ಪೆನಿಯಾಸ್ ಮುಖ ತಿರುಗಿಸಿದ. ಟೊವಾರ್ಕಿ ಹಿಮ್ಮಡಿಯ ಸುತ್ತಲಿನ ಮರಳನ್ನೇ ನೋಡುತ್ತ ಕೂತ.

"ಕುಸಿದ ಹೊಂಡ ಹೇಗಿರುತ್ತೋ?"

"ನಡುವೆ ತಟ್ಟೆ ಥರ ತಗ್ಗಾಗಿರುತ್ತೆ ಸಾರ್."

"ಇದು?"

ಇದು ಸಮವಾಗಿತ್ತು. ಮೇಲೆ ಅಂಗೈಯಿಂದ ಸವರಿದ ಗೆರೆಗಳಿದ್ದವು. ಮೊಟ್ಟೆ ತೆಗೆದ ಮೇಲೆ, ಹಕ್ಕಿ ಮತ್ತೆ ಬರಲಿ ಅಂತ ಮಟುಪಿಟ್ ಜನ ಹೊಂಡ ತುಂಬಿ ಹೀಗೇ ಸವರುತ್ತಾರೆ. ಬೇರೆ ಊರಿನವನಿಗೆ ಈ ಮರ್ಯಾದೆ ಎಲ್ಲಿ ಗೊತ್ತು!

ಶವದ ಹಿಂದಲೆಯಲ್ಲಿ ಪೆಟ್ಟಿತ್ತು. ಬಾಯಲ್ಲಿ ಮರಳಿರಲಿಲ್ಲ, ಹೊಂಡಕ್ಕೆ ಬೀಳುವ ಮೊದಲೇ ಉಸಿರು ನಿಂತಿತ್ತು. ಉಗುರಿನಲ್ಲಿದ್ದದ್ದು ಬೆಟ್ಟದ ಕಪ್ಪು ಮರಳಲ್ಲ, ಹಳೇ ಪೇಟೆಯ ಬಿಳಿಚಿದ ಬೂದಿ. 10.30ಕ್ಕೆ ಕೊಲೆ ಎಂದು FIR ದಾಖಲಾಯಿತು.

ಜರ್ಮನರು ಕಟ್ಟಿ, ಆಸ್ಟ್ರೇಲಿಯದವರು ಆಳಿ, ಜಪಾನಿಯರು ಕಿತ್ತುಕೊಂಡ ಪೇಟೆ ಅದು. ಕೊನೆಗೆ 94ರಲ್ಲಿ ಬೆಟ್ಟ ಸಿಡಿದು ಬೂದಿಯಲ್ಲಿ ಹೂತು, ಅದನ್ನು ಯಾರಿಗೂ ಉಳಿಸಲಿಲ್ಲ. ಎಲಿಯಾಸ್ ಅಲ್ಲಿ ಬೂದಿ ಅಗೆದು, ಜರ್ಮನರ ಕಾಲದ ಸೀಸೆಗಳನ್ನು ತೆಗೆದು ಪ್ರವಾಸಿಗರಿಗೆ ಮಾರುತ್ತಿದ್ದ. ಮಧ್ಯಾಹ್ನ 1.20ಕ್ಕೆ ಹಳೇ ಬಂಗಲೆಯೊಂದರ ಹಿಂದೆ, ಆಳುಗಳ ಕೋಣೆಯಿದ್ದ ಕಡೆ, ಪೆನಿಯಾಸ್ ಕೂಗಿದ.

"ಸಾರ್, ಇಲ್ಲೂ ಸವರಿದಾರೆ!"

ಅಗೆದಾಗ ರಕ್ತ ಹತ್ತಿದ ಗುದ್ದಲಿ ಸಿಕ್ಕಿತು. ಅದರ ಕೆಳಗೆ ಮುರಿದ ಛಾವಣಿ, ಮನುಷ್ಯರ ಮೂಳೆ, ಆಮೆಚಿಪ್ಪಿನ ಒಂದು ಬಾಚಣಿಗೆ.

3.40. ಟೊಪುಯಿಯ ಅಂಗಳ. ಬಾಚಣಿಗೆ ನೋಡಿದ್ದೇ ಇಯಾಲಿಲಿ ಬೆಚ್ಚಿದಳು.

"ಇದು ನಮ್ಮವ್ವಂದು! ಅವಳ ಹೆಣದ ಜೊತೇಲೇ ಪೆಟ್ಟಿಗೇಲಿಟ್ಟೆ ಅಂದಿದ್ದೆಯಲ್ಲಣ್ಣ?"

ಟೊವಾರ್ಕಿ ಬಾಚಣಿಗೆಯನ್ನು ಟೊಪುಯಿಯ ಮುಂದಿಟ್ಟ.

"ಯಜಮಾನ್ರೆ, ಹೊಂಡ ತಾನಾಗಿ ಕುಸಿದಿದ್ರೆ, ಮೇಲೆ ಸವರಿದ್ದು ಯಾರು?"

ಮುದುಕ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಸವರಿದ್ದು ಅವನಿಗೇ ನೆನಪಿದ್ದಂತೆ ಕಾಣಲಿಲ್ಲ.

"ಅಭ್ಯಾಸ," ಎಂದ. ಹಿಂದೆಯೇ ಉಳಿದದ್ದೂ ಬಂತು. "ಅವತ್ತು ಬೆಟ್ಟ ಸಿಡಿದಾಗ ಅವ್ವನ್ನ ಕರೆಯೋಕೆ ಹೋಗಿದ್ದೆ. ದೊರೆಗಳ ಬಟ್ಟೆ ಒಗೆದ ಮನೆ, ಬಿಡಲ್ಲ ಅಂದ್ಲು. ಜನರನ್ನ ಸಾಗಿಸೋ ಲಾರಿ ಹೊರಟಿತ್ತು. ನಾನು ಹತ್ಕೊಂಡೆ. ಆಮೇಲೆ ಎಷ್ಟು ಅಗೆದ್ರೂ ಸಿಗಲಿಲ್ಲ. ಪೆಟ್ಟಿಗೇಲಿ ಬಾಳೆದಿಂಡು ತುಂಬಿ ಮೊಳೆ ಹೊಡೆದೆ. ನಿನ್ನೆ ಸಂಜೆ ಎಲಿಯಾಸ್ ಕರ್ಕೊಂಡು ಹೋಗಿ ಮೂಳೆ ತೋರಿಸ್ದ. 'ಮಾವ, ಗೋರಿಯೊಳಗಿರೋದು ಯಾರು? ಅಮ್ಮಂಗೆ ಹೇಳ್ತೀನಿ' ಅಂದ. ಗುದ್ದಲಿ ಕೈಲಿತ್ತು. ಕತ್ತಲಾದ ಮೇಲೆ ದೋಣೀಲಿ ಹಾಕ್ಕೊಂಡು ಬೆಟ್ಟದ ಬುಡಕ್ಕೆ ತಂದೆ."

ಇಯಾಲಿಲಿ ಬಾಚಣಿಗೆಯನ್ನು ಕೈಗೆತ್ತಿಕೊಂಡಳು.

"ಒಂಬತ್ತು ವರ್ಷ ಬಾಳೆದಿಂಡಿಗೆ ಹೂ ಇಡಿಸ್ದೆಯಲ್ಲ. ಅವತ್ತೇ ಹೇಳಿದ್ರೆ ಎರಡು ದಿನ ಅತ್ತು ಸುಮ್ಮನಾಗ್ತಿದ್ದೆ ಕಣಣ್ಣ. ಅವ್ವನ ಹಟ ನನಗೆ ಗೊತ್ತಿರ್ಲಿಲ್ವಾ?"

4.15ಕ್ಕೆ ಬಂಧನ. ಉದ್ದೇಶ ಎಂಬ ಕಲಮಿನ ಮುಂದೆ ಟೊವಾರ್ಕಿ ಬರೆದ: ತಂಗಿಗೆ ಮುಖ ತೋರಿಸುವ ಹೆದರಿಕೆ.

ಶುಕ್ರವಾರ ಅಜ್ಜಿಯನ್ನೂ ಮೊಮ್ಮಗನನ್ನೂ ಒಟ್ಟಿಗೆ ಮಣ್ಣು ಮಾಡಿದರು. ಎರಡೂ ಪೆಟ್ಟಿಗೆಗಳ ಮುಚ್ಚಳ ತೆಗೆಸಿ, ಒಳಗೆ ಕೈಯಿಟ್ಟು ಮುಟ್ಟಿ ನೋಡಿದ ಮೇಲೆಯೇ ಇಯಾಲಿಲಿ ಮೊಳೆ ಹೊಡೆಯಲು ಬಿಟ್ಟಳು.