ಶೇಂಗಾ ತಿಂದು ಬಂದವನು

“ಏನಾದ್ರೂ ತಿಂದಿದ್ದೀರಾ?”

“ಶೇಂಗಾ ತಿಂದೆ ಮೇಡಂ. ಈಗ್ತಾನೆ.”

ಸ್ವಪ್ನಳಿಗೆ ರೇಗಿಹೋಯಿತು. ತಿಂದವನ ಗಂಟಲಿಗೆ ಕಡ್ಡಿ ಹಾಕಿದರೆ ವಾಂತಿ ಗ್ಯಾರಂಟಿ. “ಹೋಗಿ, ಅರ್ಧ ಗಂಟೆ ಬೇವಿನ ಕಟ್ಟೆ ಮೇಲೆ ಕೂತ್ಕೊಳ್ಳಿ.”

ಅದು ಮೊದಲ ಸಲ. ಮೊಳಕಾಲ್ಮುರು ದಾಟಿ ಆಂಧ್ರಕ್ಕೆ ಹೋಗುವ ಡ್ರೈವರುಗಳೆಲ್ಲ ಚೆಕ್‌ಪೋಸ್ಟಿನಲ್ಲಿ ಮೂಗಿನದು, ಗಂಟಲಿನದು ಸ್ಯಾಂಪಲ್ ಕೊಟ್ಟೇ ಹೋಗಬೇಕಿದ್ದ ಕೊರೊನಾ ಕಾಲ. ಲೋಹಿತ ಚಳ್ಳಕೆರೆಯ ಮಿಲ್ಲಿನಿಂದ ಎಣ್ಣೆ ಹೇರಿಕೊಂಡು ವಾರ ವಾರ ಬರುತ್ತಿದ್ದ. ಪ್ರತಿ ವಾರವೂ ಶೇಂಗಾ ತಿಂದೇ ಬರುತ್ತಿದ್ದ, ಕಟ್ಟೆ ಮೇಲೆ ಕೂತು ಅಲ್ಲಿಂದಲೇ ಮಾತಿಗೆಳೆಯುತ್ತಿದ್ದ.

“ನನ್ನ ಗಂಟಲ ತಳಾನೇ ನೋಡೀರಿ. ನಿಮ್ಮ ಮುಖ ಹೆಂಗೈತೆ ಅಂತ ನಂಗಿನ್ನೂ ಗೊತ್ತಿಲ್ಲ.”

“ಬಾಯಿ ತೆಗೀರಿ. ಆ ಅನ್ನಿ.” ಅವನನ್ನು ಸುಮ್ಮನಾಗಿಸಲು ಅವಳಿಗಿದ್ದ ಉಪಾಯ ಅದೊಂದೇ.

ಮಾಸ್ಕಿನೊಳಗಿನ ನಗು ಯಾರಿಗೂ ಕಾಣದು ಅಂದುಕೊಂಡಿದ್ದಳು. “ನಕ್ರಲ್ಲ! ಕಣ್ಣು ಸಣ್ಣಗಾತು” ಎಂದು ಅವನು ಹಿಡಿದುಬಿಡುತ್ತಿದ್ದ.

ಹೋದ ವಾರ ಎಡವಟ್ಟಾಯಿತು. ಸಾಲು ಲಾರಿಗಳ ಹಾರ್ನು, ಮೇಲಿನವರ ಬೈಗುಳ. ಸಿಟ್ಟೆಲ್ಲ ಅವನ ಮೇಲೆ ತಿರುಗಿತು. “ವಾರ ವಾರ ಹೇಳ್ಬೇಕೇನ್ರೀ? ಬುದ್ಧಿ ಇಲ್ವಾ ನಿಮ್ಗೆ?”

ಅವನ ಮುಖ ಸಪ್ಪಗಾಯಿತು. ಅವತ್ತು ಅವಳಿಗೆ ಊಟ ಸೇರಲಿಲ್ಲ. ಜೊತೆಯ ನರ್ಸ್ ಮಾಲತಿ ನಕ್ಕಳು. “ಹುಚ್ಚಿ, ಅವನು ಹಸಿವಿಗೆ ತಿಂತಾನೆ ಅಂದ್ಕೊಂಡ್ಯಾ? ನಿನ್ ಹತ್ರ ಅರ್ಧ ಗಂಟೆ ಸಿಗ್ಲಿ ಅಂತ ತಿಂತಾನೆ.”

ಅವನೆಂದರೆ ತನಗೂ ಇಷ್ಟ ಎಂಬುದನ್ನು ಸ್ವಪ್ನ ಆಗ ಒಪ್ಪಿಕೊಂಡಳು.

ಇವತ್ತು ಕ್ಯಾಂಪಿನ ಕೊನೇ ದಿನ. ನಾಳೆಯಿಂದ ಗಡಿಯಲ್ಲಿ ಟೆಸ್ಟ್ ಇಲ್ಲ, ಅವಳನ್ನು ಚಿತ್ರದುರ್ಗಕ್ಕೆ ಹಾಕಿದ್ದಾರೆ. ಇವತ್ತು ಬಾಯಿಬಿಡದಿದ್ದರೆ ಅವನು ಯಾರೋ, ತಾನು ಯಾರೋ. ಮಧ್ಯಾಹ್ನ ಲಾರಿ ಬಂತು. ಅದರ ಹಿಂದೆ ಬೇರೆ ಗಾಡಿ ಇರಲಿಲ್ಲ.

“ಏನಾದ್ರೂ... ತಿಂದಿದ್ದೀರಾ?”

“ಇಲ್ಲ ಮೇಡಂ. ಬೆಳಿಗ್ಗೆಯಿಂದ ಏನೂ ಮುಟ್ಟಿಲ್ಲ.” ಲೋಹಿತ ತಲೆ ಎತ್ತದೆ ಹೇಳಿ, ವಿಧೇಯನಾಗಿ ಬಾಯಿ ತೆರೆದು ಕೂತ.

ಸ್ವಪ್ನಳಿಗೆ ಅಳುವೇ ಬಂತು. ಕಡ್ಡಿಯ ಪ್ಯಾಕೆಟ್ಟನ್ನು ಒಡೆಯಲಿಲ್ಲ. ಗ್ಲೌಸ್ ಕಳಚಿ, ಕೈ ತೊಳೆದು, ಬ್ಯಾಗಿನಿಂದ ಒಂದು ಪೊಟ್ಟಣ ತಂದು ಅವನ ಮುಂದಿಟ್ಟಳು. ಹುರಿದ ಶೇಂಗಾ. ಬೆಳಿಗ್ಗೆಯೇ ಕೊಂಡು ತಂದಿದ್ದಳು.

“ತಿನ್ನಿ.”

“ತಿಂದ್ರೆ ಅರ್ಧ ಗಂಟೆ ಕೂರ್ಬೇಕಲ್ರೀ?”

“ಕೂರ್ಬೇಕು. ನಾನೂ ಕೂರ್ತೀನಿ.”

ಕಟ್ಟೆಯ ಈ ತುದಿಯಲ್ಲಿ ಅವನು, ಆ ತುದಿಯಲ್ಲಿ ಅವಳು. ಕೂತವಳು ಮೆಲ್ಲಗೆ ಮಾಸ್ಕ್ ಇಳಿಸಿದಳು. ಲೋಹಿತ ಶೇಂಗಾ ಕೈಯಲ್ಲೇ ಹಿಡಿದು ಅವಳ ಮುಖವನ್ನೇ ನೋಡುತ್ತ ಉಳಿದ.

“ತಿಂತೀರೋ, ಈಗ್ಲೇ ಸ್ಯಾಂಪಲ್ ತಗೊಂಡು ಕಳಿಸ್ಲೋ?”

ಅವನು ಗಬಕ್ಕನೆ ಒಂದು ಮುಷ್ಟಿ ಬಾಯಿಗೆ ತುಂಬಿಕೊಂಡ.