ತೊಳೆದ ಮಣ್ಣು

"ಅಮ್ಮಾ, ನಿಂಬೆಗಿಡದ ಎಲೆ ಯಾಕೋ ಹಳದಿಯಾಗ್ತಿದೆ," ಎಂದು ಅಪ್ಪ ಬಾಲ್ಕನಿಯಿಂದ ಅಜ್ಜಿಗೆ ಕೂಗಿ ಹೇಳಿದರು.

ಹೋಂವರ್ಕ್ ಮಾಡುತ್ತಿದ್ದ ಬಟಾಣಿಯ ಪೆನ್ಸಿಲ್ ಅಲ್ಲೇ ನಿಂತಿತು.

ಹುಟ್ಟಿದಾಗ ತೀರಾ ಪುಟ್ಟಗಿದ್ದಳೆಂದು ಅಜ್ಜಿ ಅವಳನ್ನು ಬಟಾಣಿ ಎಂದು ಕರೆದಿದ್ದರು. ಈಗ ಐದನೇ ಕ್ಲಾಸಿಗೆ ಬಂದರೂ ಅದೇ ಹೆಸರು. ಆ ನಿಂಬೆಗಿಡವನ್ನು ಅಜ್ಜಿಯೂ ಅವಳೂ ಸೇರಿ ಬೀಜ ಊರಿ ಬೆಳೆಸಿದ್ದರು. ಅಜ್ಜಿ ಅದನ್ನು "ನಿನ್ನ ತಮ್ಮ" ಎನ್ನುತ್ತಿದ್ದರು. ತಮ್ಮ ಈಗ ಅಕ್ಕನ ಮೊಣಕಾಲಿನವರೆಗೆ ಬಂದಿದ್ದ.

ಸೋಫಾದ ಮೇಲೆ ಒರಗಿದ್ದ ಅಜ್ಜಿ ತಲೆ ಎತ್ತಿದರು. ಆಪರೇಷನ್ ಆದ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಇನ್ನೊಂದು ಕಣ್ಣಿಗೆ ಎಲ್ಲವೂ ಹೊಗೆ ಹೊಗೆ.

"ಬಟಾಣಿ, ಗೊಬ್ಬರ ಹಾಕ್ತಿದೀಯಾ?"

"ಹಾಕ್ತಿದೀನಿ ಅಜ್ಜಿ. ನೀನು ಹೇಳಿದ ಪುಡೀನ ನೀರಲ್ಲಿ ಕರಗಿಸಿ, ಪ್ರತಿ ಭಾನುವಾರ."

ಅದು ನಿಜವೇ. ಇನ್ನೊಂದು ವಿಷಯವನ್ನು ಮಾತ್ರ ಅವಳು ನುಂಗಿಕೊಂಡಳು.

"ಹಾಕಿದ್ರೂ ಹಳದಿ ಅಂದ್ರೆ ಏನೋ ಎಡವಟ್ಟಾಗಿದೆ. ಬಾ, ಟೆಸ್ಟ್ ಮಾಡೋಣ."

ಅಜ್ಜಿ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಟೀಚರ್ ಆಗಿದ್ದವರು. ಟೆಸ್ಟ್ ಎಂದರೆ ಅವರಿಗೆ ಊಟ ನಿದ್ದೆ ಬೇಡ. ಪಟ್ಟಿ ಕಟ್ಟಿಕೊಂಡು ಸುಮ್ಮನೆ ಕೂತು ಕೂತು ಬೇರೆ ಸಾಕಾಗಿ ಹೋಗಿತ್ತು.

"ಮಣ್ಣನ್ನ ನಾನು ಮುಟ್ಟೋ ಹಾಗಿಲ್ಲ. ಇವತ್ತು ಕೈ ನಿಂದು, ಕಣ್ಣೂ ನಿಂದೇ," ಎಂದರು.

ಅಪ್ಪ ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ಅರ್ಧಕ್ಕೆ ಕತ್ತರಿಸಿ ಕೊಟ್ಟರು. ಬಟಾಣಿ ಅವುಗಳ ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ಎರಡು ಗಾಜಿನ ಲೋಟಗಳ ಮೇಲೆ ನಿಲ್ಲಿಸಿದಳು. ಒಂದಕ್ಕೆ ಪಕ್ಕದಲ್ಲೇ ಹಸಿರಾಗಿದ್ದ ಗುಲಾಬಿಯ ಕುಂಡದ ಮಣ್ಣು. ಇನ್ನೊಂದಕ್ಕೆ ನಿಂಬೆ ಕುಂಡದ ಮಣ್ಣು. ಮೀನಿನ ತೊಟ್ಟಿಗೆ ಹಾಕುವ ನೀಲಿ ಔಷಧಿಯ ಕೆಲವು ಹನಿಗಳನ್ನು ನೀರಿಗೆ ಬೆರೆಸಿ, ಎರಡಕ್ಕೂ ಒಂದೇ ಸಮ ಸುರಿದಳು.

ನೀರು ತೊಟ್ಟಿಕ್ಕತೊಡಗಿತು.

"ಗುಲಾಬಿದು ಯಾವ ಬಣ್ಣ?" ಅಜ್ಜಿ ಕೇಳಿದರು.

"ಸ್ವಲ್ಪ ಕಂದು. ನೀಲಿ ಎಲ್ಲಿ ಹೋಯ್ತೋ, ಕಾಣ್ತಾನೇ ಇಲ್ಲ."

"ನಿಂಬೆದು?"

ಬಟಾಣಿ ಎರಡನೇ ಲೋಟ ನೋಡಿದಳು. ಸುರಿದದ್ದೇ ಸೋರಿದಂತೆ ನೀರು ನೀಲಿಯಾಗಿಯೇ ಇತ್ತು. ಅಪ್ಪ ಒಳಗೆ ಫೋನಿನಲ್ಲಿದ್ದರು. ಅಜ್ಜಿಗೆ ಕಾಣುವುದಿಲ್ಲ. ಅದೂ ಕಂದು ಎಂದರೆ ಮುಗಿದು ಹೋಗುತ್ತಿತ್ತು.

ಆದರೆ ತಮ್ಮ ಹಳದಿಯಾಗುವುದು ನಿಲ್ಲುತ್ತಿರಲಿಲ್ಲ. ಆಮೇಲೆ ಬಾಡುತ್ತಾನೆ. ಆಮೇಲೆ?

"ಸರಿಯಾಗಿ ನೋಡಿ ಹೇಳು," ಎಂದರು ಅಜ್ಜಿ.

"ನೀಲಿ," ಎಂದಳು ಬಟಾಣಿ. "ಪೂರ್ತಿ ನೀಲಿ ಅಜ್ಜಿ. ಯಾಕಂದ್ರೆ... ಆ ಮಣ್ಣನ್ನ ನಾನು ತೊಳೆದೆ."

"ಏನು? ಮಣ್ಣನ್ನ ತೊಳೆದ್ಯಾ?"

"ನೀನು ಆಸ್ಪತ್ರೇಲಿದ್ದಾಗ. ಧೂಳು, ಕೊಳಕು ನಿನ್ನ ಹತ್ತಿರ ಸುಳೀಬಾರ್ದು ಅಂದ್ರಲ್ಲ ಡಾಕ್ಟರ್? ನೀನು ಬಂದ ತಕ್ಷಣ ತಮ್ಮನ ಹತ್ರ ಹೋಗ್ತೀಯ ಅಂತ ಗೊತ್ತಿತ್ತು. ಅದರಲ್ಲಿ ಕೊಳೆತ ಎಲೆ, ಟೀಪುಡಿ, ಏನೇನೋ ಇತ್ತು. ಬಕೆಟ್ಟಲ್ಲಿ ಹಾಕಿ, ಕಪ್ಪು ನೀರೆಲ್ಲ ಹೋಗೋವರೆಗೂ ತೊಳೆದು, ಗಿಡ ವಾಪಸ್ ನೆಟ್ಟೆ."

ಅಜ್ಜಿಯ ತುಟಿ ನಡುಗಿತು. ಬಟಾಣಿ ಬೈಗುಳಕ್ಕೆ ಕಾದಳು. ಅಜ್ಜಿ ಕೈ ಚಾಚಿ, ತಡಕಾಡಿ, ಅವಳನ್ನು ಹತ್ತಿರ ಎಳೆದುಕೊಂಡರು.

"ನಗಿಸಬೇಡ ಕಣೇ, ಪಟ್ಟಿ ಒದ್ದೆಯಾಗುತ್ತೆ. ನನಗೋಸ್ಕರ ಮಣ್ಣಿಗೇ ಸ್ನಾನ ಮಾಡಿಸಿದಳಂತೆ."

ಬಟಾಣಿಗೆ ಅಳುವೂ ಬಂತು, ನಗುವೂ ಬಂತು.

"ತಮ್ಮ ಸತ್ತುಹೋಗ್ತಾನಾ ಅಜ್ಜಿ?"

"ಅಷ್ಟು ಸುಲಭವಾಗಿ ಸಾಯಲ್ಲ ಅವನು. ನೋಡು, ಎಲೆ, ಸಿಪ್ಪೆ ಎಲ್ಲ ಕೊಳೆತು ಕೊಳೆತು ಕಪ್ಪು ಪುಡಿ ಆಗುತ್ತಲ್ಲ, ಅದು ಗೊಬ್ಬರದ ಸತ್ವಾನ ಹಿಡ್ಕೊಂಡು ಕೂತಿರುತ್ತೆ. ಈಗ ಗುಲಾಬಿ ಮಣ್ಣು ಆ ನೀಲೀನ ಹಿಡ್ಕೊಳ್ತಲ್ಲ, ಹಾಗೆ. ಬೇರಿಗೆ ಬೇಕಾದಾಗ ಬಿಟ್ಟುಕೊಡುತ್ತೆ. ನೀನು ತೊಳೆದ ಮೇಲೆ ಉಳಿದಿದ್ದು ಬರೀ ಮರಳು. ಅದಕ್ಕೆ ಹಿಡ್ಕೊಳ್ಳೋಕೆ ಬರಲ್ಲ."

"ಅಂದ್ರೆ ನಾನು ಹಾಕಿದ ಗೊಬ್ಬರ?"

"ಮೇಲಿಂದ ಬಂತು, ಕೆಳಗಿಂದ ಹೋಯ್ತು."

ಬಟಾಣಿ ನೀಲಿ ಲೋಟವನ್ನು ಇನ್ನೊಮ್ಮೆ ನೋಡಿದಳು. ಪಾಪ, ತಮ್ಮ ಇಷ್ಟು ದಿನ ಉಪವಾಸವಿದ್ದ.

ಅಂದೇ ಅವಳು ಬಾಲ್ಕನಿಯ ಮೂಲೆಯ ಡಬ್ಬ ತೆರೆದಳು. ಅಜ್ಜಿ ತಿಂಗಳುಗಟ್ಟಲೆ ಎಲೆ, ಸಿಪ್ಪೆ ಹಾಕಿಟ್ಟಿದ್ದ ಡಬ್ಬ ಅದು. ಇಷ್ಟು ದಿನ ಅದರ ಹತ್ತಿರ ಹೋದರೆ ಅವಳು ಮೂಗು ಮುಚ್ಚಿಕೊಳ್ಳುತ್ತಿದ್ದಳು. ತಳದಲ್ಲಿ ಮೆತ್ತಗಿನ ಕಪ್ಪು ಪುಡಿ ಇತ್ತು. ಹೆದರಿ ಹೆದರಿ ಮೂಸಿದಳು. ಮೊದಲ ಮಳೆಯ ವಾಸನೆ ಬಂತು, ಅಷ್ಟೆ. ಎರಡೂ ಕೈ ಹಾಕಿ ತೆಗೆದು ತಮ್ಮನ ಕುಂಡಕ್ಕೆ ಬೆರೆಸಿದಳು.

ಅಜ್ಜಿಯ ಪಟ್ಟಿ ಬಿಚ್ಚಿ ಕೆಲವು ವಾರಗಳಾದ ಮೇಲೆ, ಮಣ್ಣು ಮುಟ್ಟಬಹುದೆಂದು ಡಾಕ್ಟರ್ ಹೇಳಿದರು. ಬಟಾಣಿ ಅಜ್ಜಿಯ ಕೈಹಿಡಿದು ಬಾಲ್ಕನಿಗೆ ಕರೆತಂದಳು. ನಿಂಬೆಗಿಡದ ತುದಿಯಲ್ಲಿ ಪುಟ್ಟದೊಂದು ಚಿಗುರಿತ್ತು.

"ಯಾವ ಬಣ್ಣ ಅಜ್ಜಿ? ಸರಿಯಾಗಿ ನೋಡಿ ಹೇಳು."

ಅಜ್ಜಿ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

"ಹಸಿರು ಕಣೇ. ಎಳೇ ಹಸಿರು."

ಕುಂಡದಲ್ಲಿ ಹಳದಿ ಎಲೆಯೊಂದು ಉದುರಿ ಬಿದ್ದಿತ್ತು. ಬಟಾಣಿ ಅದನ್ನು ಎತ್ತಿಕೊಂಡು, ಅಭ್ಯಾಸಬಲದಿಂದ ಕಸದ ಬುಟ್ಟಿಯತ್ತ ತಿರುಗಿದಳು. ಅರೆಗಳಿಗೆ ನಿಂತಳು. ಮತ್ತೆ ಕೂತು, ಬೆರಳಿನಿಂದ ಮಣ್ಣು ಸರಿಸಿ, ಎಲೆಯನ್ನು ತಮ್ಮನ ಬುಡದಲ್ಲೇ ಹೂತಿಟ್ಟಳು.

ಅಜ್ಜಿ ಅದನ್ನು ನೋಡಿದರು. ಈಗ ಅವರಿಗೆ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.